ಮನೆಗೇ ಬಂದು ಅಮ್ಮನನ್ನು ನೋಡಿದ ನರ್ಸಿಂಗ್ ಸೇವೆ: ತಪಾಸಣೆಗೆ ಐದಕ್ಕೆ ಐದು, ಉಳಿದದ್ದಕ್ಕೆ ಇಲ್ಲ

ಶಿವಮೊಗ್ಗದಲ್ಲಿ ಮನೆಗೇ ನರ್ಸ್ ಕಳಿಸುವ ಒಂದು ಸೇವೆಯನ್ನು ಅಮ್ಮನಿಗಾಗಿ ತೆಗೆದುಕೊಂಡೆವು. ಅಮ್ಮನಿಗೆ 78. ಬಿಪಿ, ಶುಗರ್ ಎರಡೂ ಇದೆ. ಮೊಣಕಾಲು ನೋವು ಬೇರೆ. ಈ ಮಳೆಗಾಲದಲ್ಲಿ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು. ಈ ಸೇವೆಯಲ್ಲಿ ಮೊದಲು ಒಬ್ಬ ನರ್ಸ್ ಬಂದು ಪೂರ್ತಿ ತಪಾಸಣೆ ಮಾಡುತ್ತಾರೆ, ಅದಕ್ಕೆ 1,500 ರೂಪಾಯಿ. ಆಮೇಲೆ ಬೇಕಿದ್ದರೆ ಹಗಲು ಜೊತೆಗಿರಲು ಕೇರ್‌ಟೇಕರ್ ಕಳಿಸುತ್ತಾರೆ.

ತಪಾಸಣೆಗೆ ಬಂದ ಸಿಸ್ಟರ್ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಯನ್ನು ನಾವು ಕೇಳುವ ಮೊದಲೇ ತೋರಿಸಿದರು. ಅಮ್ಮನಿಗೆ ಎಡಕಿವಿ ಮಂದ ಅಂತ ಎರಡು ಮಾತಿಗೇ ಗೊತ್ತಾಗಿ, ಕುರ್ಚಿ ಎಳೆದುಕೊಂಡು ಬಲಗಡೆ ಕೂತರು. ಕೇಳಿದ್ದೆಲ್ಲ ಅಮ್ಮನನ್ನೇ. ನಾನು ನಡುವೆ ಬಾಯಿ ಹಾಕಿದರೆ "ಅಕ್ಕಾ, ಅಮ್ಮನೇ ಹೇಳ್ಲಿ ಬಿಡಿ" ಅಂದರು. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ನನ್ನ ಹತ್ತಿರ ಮಾತಾಡುವ ಡಾಕ್ಟರುಗಳನ್ನು ನೋಡಿ ಬೇಸತ್ತಿದ್ದೆ. ಹಾಗಾಗಿ ಇದು ತುಂಬಾ ಹಿಡಿಸಿತು.

ಅವರು ಬಿಪಿ ನೋಡಿದ ರೀತಿ ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಗೊತ್ತಿರಬೇಕು. ಅಮ್ಮನನ್ನು ಐದು ನಿಮಿಷ ಮಲಗಿಸಿ ಒಮ್ಮೆ ನೋಡಿದರು. ಎದ್ದು ನಿಂತ ಒಂದು ನಿಮಿಷಕ್ಕೆ ಇನ್ನೊಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ. ಮಲಗಿದ್ದಾಗ 146 ಇದ್ದದ್ದು ನಿಂತಾಗ 118! ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವ ಅಪಾಯ ಇರುತ್ತದೆ. ಕ್ಲಿನಿಕ್ಕಿನಲ್ಲಿ ಕೂರಿಸಿ ನೋಡಿದಾಗೆಲ್ಲ ಬಿಪಿ ಸರಿಯಾಗಿದೆ ಎಂದೇ ಬರುತ್ತಿತ್ತು.

ಆಮೇಲೆ ನಡಿಗೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಸಾಧ್ಯತೆ ಇದೆ ಅಂತ ಲೆಕ್ಕ. ಅಮ್ಮನಿಗೆ 19 ಹಿಡಿಯಿತು. ತಿರುಗುವಾಗ ಗೋಡೆ ಹಿಡಿದದ್ದನ್ನೂ, ಹಿಂಭಾಗ ಸವೆದ ಹವಾಯಿ ಚಪ್ಪಲಿಯನ್ನೂ ಬರೆದುಕೊಂಡರು. ಮೀನಖಂಡದ ಸುತ್ತಳತೆಯನ್ನೂ ಟೇಪಿನಲ್ಲಿ ತೆಗೆದರು. 31 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮೈಗೆ ಊಟ ಸಾಲುತ್ತಿಲ್ಲ ಅನ್ನುವ ಸುಳಿವಂತೆ. ಅಮ್ಮನದು 29. ಕೆದಕಿದಾಗ ಹೊರಬಂದ ವಿಷಯ: ಹಲ್ಲಿನ ಸೆಟ್ ಸಡಿಲವಾಗಿದೆ, ಅಗಿಯಲು ಆಗುವುದಿಲ್ಲ, ಅದಕ್ಕೇ ರಾತ್ರಿ ಬರೀ ಗಂಜಿ. ನಮ್ಮ ಹತ್ತಿರ ಹೇಳಿರಲೇ ಇಲ್ಲ, ಖರ್ಚಿಗೆ ದಾರಿ ಆಗುತ್ತೆ ಅಂತ.

ಮರೆವಿನ ಪರೀಕ್ಷೆಗೆ ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಅಮ್ಮನಿಗೆ ಎರಡು ನೆನಪಿತ್ತು. ಗಡಿಯಾರದ ಚಿತ್ರ ಬರೆಸುವ ಭಾಗವನ್ನು ಮಾತ್ರ ಬಿಟ್ಟರು. ಅಮ್ಮ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು, ಓದು ಕಡಿಮೆ ಇದ್ದವರಿಗೆ ಆ ಅಂಕ ಸರಿಯಾಗಿ ಹೊಂದುವುದಿಲ್ಲ ಎಂದರು. ಅದರ ಬದಲು ಹಾಲಿನ ಲೆಕ್ಕ ಯಾರು ಇಡುತ್ತಾರೆ, ಒಲೆ ಮೇಲೆ ಇಟ್ಟದ್ದು ಸೀದು ಹೋಗುತ್ತಾ ಅಂತ ಕೇಳಿದರು. ಎದುರಿಗಿರುವ ಮನುಷ್ಯರನ್ನು ನೋಡಿ ಪರೀಕ್ಷೆ ಮಾಡುವುದು ಅಂದರೆ ಇದೇ ಅಲ್ವಾ?

ಕೊನೆಗೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿದರು. ತುರಿಕೆಗೆಂದು ಅಮ್ಮ ರಾತ್ರಿ ನುಂಗುತ್ತಿದ್ದ ಕ್ಲೋರ್‌ಫೆನಿರಮಿನ್ ಸಿಕ್ಕಿತು. ವಯಸ್ಸಾದವರಿಗೆ ಅದರಿಂದ ಮಂಪರು, ಗೊಂದಲ, ಬಾಯಿ ಒಣಗುವುದು ಜಾಸ್ತಿ. ತಾವಾಗಿ ಏನನ್ನೂ ನಿಲ್ಲಿಸಲಿಲ್ಲ. ಎಲ್ಲವನ್ನೂ ಡಾಕ್ಟರಿಗೆ ಬರೆದುಕೊಟ್ಟರು. ಡಾಕ್ಟರು ಆ ಮಾತ್ರೆ ಬದಲಿಸಿ, ಬಿಪಿ ಮಾತ್ರೆಯನ್ನೂ ಕಡಿಮೆ ಮಾಡಿದರು. ಈಗ ಬೆಳಗ್ಗೆ ಎದ್ದಾಗ ತಲೆ ಸುತ್ತುವುದು ಕಡಿಮೆಯಾಗಿದೆ.

ಇನ್ನು ಕೇರ್‌ಟೇಕರ್ ವಿಷಯ. 12 ಗಂಟೆಗೆ 900 ರೂಪಾಯಿ. ಮೊದಲು ಬಂದವರು ಒಳ್ಳೆಯವರು. ಅವರು ಹಬ್ಬಕ್ಕೆ ಊರಿಗೆ ಹೋದಾಗ ಬಂದ ಹುಡುಗಿ, ಅಮ್ಮನ ತೋಳು ಹಿಡಿದು ಒಂದೇ ಸಲ ಎಳೆದು ನಿಲ್ಲಿಸಿದಳು. ಅವಳ ತಪ್ಪು ಅನ್ನಲಾರೆ. ಸಿಸ್ಟರ್ ಬರೆದ ಹಾಳೆಯನ್ನು ಅವಳಿಗೆ ಯಾರೂ ತೋರಿಸಿಯೇ ಇರಲಿಲ್ಲ. ತೋರಿಸಿದ್ದರೂ ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಇಷ್ಟು ಚೆಂದದ ತಪಾಸಣೆ, ದಿನವೂ ಅಮ್ಮನ ಕೈ ಹಿಡಿಯುವವರಿಗೆ ತಲುಪದಿದ್ದರೆ ಹೇಗೆ? ಫೋನ್ ಮಾಡಿ ಕೇಳಿದ್ದಕ್ಕೆ "ನೋಡ್ತೀವಿ ಮೇಡಂ" ಅಂದರು, ಅಷ್ಟೇ.

ನಾನೇ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: ಎದ್ದ ಕೂಡಲೇ ನಿಲ್ಲಿಸಬೇಡಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂರಿಸಿ, ಬಲಕಿವಿಯ ಹತ್ತಿರ ಮಾತಾಡಿ, ತೋಳು ಎಳೆಯಬೇಡಿ.

ಮನೆಯಲ್ಲಿ 70 ದಾಟಿದವರಿದ್ದರೆ, ಆರೋಗ್ಯವಾಗಿದ್ದರೂ ಸರಿ, ಇಂಥ ತಪಾಸಣೆ ಒಮ್ಮೆ ಮಾಡಿಸಿ. ಹಣದ ಕಷ್ಟ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ಕ್ಲಿನಿಕ್ ಬಗ್ಗೆ ವಿಚಾರಿಸಿ. ಕೇರ್‌ಟೇಕರ್ ತೆಗೆದುಕೊಳ್ಳುವುದಾದರೆ, ಸಿಸ್ಟರ್ ನಿಮ್ಮ ಎದುರಿಗೇ ಅವರಿಗೆ ಎಲ್ಲವನ್ನೂ ವಿವರಿಸಬೇಕು ಅಂತ ಮೊದಲೇ ಹೇಳಿ. ಮುಂದಿನ ತಪಾಸಣೆಗೆ ಅದೇ ಸಿಸ್ಟರ್ ಬರಲಿ ಅಂತ ಹೇಳಿ ಬುಕ್ ಮಾಡಿದ್ದೇನೆ, ವರದಿ ಕನ್ನಡದಲ್ಲೇ ಬೇಕು ಅಂತಲೂ ಬರೆಸಿದ್ದೇನೆ.