ಗುಂಡಿನ ಅಂಚು ಕೆರೆಯುತ್ತಿದ್ದ ಕೊಕ್ಕೆ: ನಮ್ಮ ಪಾಯಿಂಟ್ 22 ಕೋವಿ ರಿಪೇರಿಯಾಗಿ ಎರಡು ವರ್ಷ

ನಮ್ಮ ಮನೆಯಲ್ಲಿರುವುದು ಪಾಯಿಂಟ್ 22 ಬೋಲ್ಟ್ ಆಕ್ಷನ್ ಕೋವಿ, ಅಂದರೆ ಬೋಲ್ಟ್ ಎನ್ನುವ ಉಕ್ಕಿನ ಸರಳನ್ನು ಕೈಯಿಂದ ಹಿಂದೆ ಮುಂದೆ ಎಳೆದು ಗುಂಡು ತುಂಬಿಸುವಂಥದ್ದು. ಐದು ಗುಂಡಿನ ಮ್ಯಾಗಜಿನ್, ಮರದ ಹಿಡಿ. ಅಪ್ಪ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಈಗ ನನ್ನ ಹೆಸರಿಗಿದೆ. ಕೊಡಗಿನ ಮನೆಗಳಲ್ಲಿ ಕೋವಿ ಬರೀ ಆಯುಧವಲ್ಲ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಅದಕ್ಕೆ ಪೂಜೆ ಮಾಡುತ್ತೇವೆ. ಆಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಾಗಾಗಿ ಅದು ಕೆಟ್ಟರೆ ಮನಸ್ಸಿಗೂ ಸಮಾಧಾನ ಇರುವುದಿಲ್ಲ.

ಈ ವಿಮರ್ಶೆ ಕೋವಿಯದ್ದಲ್ಲ, ಅದರ ಎಕ್ಸ್‌ಟ್ರಾಕ್ಟರ್ ರಿಪೇರಿಯದ್ದು. ಬೋಲ್ಟಿನ ಮೂತಿಯಲ್ಲಿ ಇರುವ ಸಣ್ಣ ಉಕ್ಕಿನ ಕೊಕ್ಕೆ ಅದು. ಗುಂಡಿನ ಹಿಂಭಾಗದ ಅಂಚನ್ನು, ಅಂದರೆ ರಿಮ್ಮನ್ನು, ಹಿಡಿದು ಖಾಲಿ ಕೇಸನ್ನು (ಗುಂಡಿನ ಹಿತ್ತಾಳೆ ಚಿಪ್ಪನ್ನು) ಚೇಂಬರಿನಿಂದ, ಅಂದರೆ ನಳಿಗೆಯಲ್ಲಿ ಗುಂಡು ಕೂರುವ ಜಾಗದಿಂದ, ಹೊರಗೆ ಎಳೆಯುವುದು ಅದರ ಕೆಲಸ.

ತೊಂದರೆ ಕಣ್ಣಿಗೆ ಬಿದ್ದದ್ದು ಒಂದು ಅಭ್ಯಾಸದ ದಿನ. ಲೋಡ್ ಮಾಡಿದ ಗುಂಡನ್ನು ಹಾರಿಸದೆ ಹೊರಗೆ ತೆಗೆದೆ. ರಿಮ್ಮಿನ ಒಂದು ಕಡೆ ಉಗುರಿನಲ್ಲಿ ಕೆರೆದ ಹಾಗೆ ಗಾಯ. ಹಿತ್ತಾಳೆಯ ಒಂದು ಸಣ್ಣ ಎಳೆ ಎದ್ದು ನಿಂತಿತ್ತು. ಗುಂಡಿನ ಬ್ಯಾಚೇ ಸರಿ ಇಲ್ಲ ಎಂದುಕೊಂಡು ಬೇರೆ ಬೇರೆ ಎರಡು ಕಂಪನಿಯ ಗುಂಡು ಹಾಕಿ ನೋಡಿದೆ. ಅದೇ ಗಾಯ, ಅದೇ ಜಾಗ.

ಅದಕ್ಕೇನು ಮಹಾ, ಪಾಯಿಂಟ್ 22ರ ಕೇಸಿಗೆ ಮತ್ತೆ ಮದ್ದು ತುಂಬಿ ಬಳಸುವುದಿಲ್ಲವಲ್ಲ ಎಂದು ಕೆಲವರು ಹೇಳಿದರು. ಇದನ್ನು ನಾನು ಒಪ್ಪುವುದಿಲ್ಲ. ದೊಡ್ಡ ರೈಫಲ್ ಗುಂಡಿನಲ್ಲಿ ಕಿಡಿ ಹತ್ತಿಸುವ ಮದ್ದು ಹಿಂಬದಿಯ ನಡುವಿನ ಪ್ರೈಮರಿನಲ್ಲಿ ಇರುತ್ತದೆ. ಪಾಯಿಂಟ್ 22 ಲಾಂಗ್ ರೈಫಲ್ ಗುಂಡಿನಲ್ಲಿ ಅದು ರಿಮ್ಮಿನ ಒಳಗೇ ಇರುತ್ತದೆ. ರಿಮ್ಮಿನ ದಪ್ಪ 1 ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದರೇನೇ ಗುಂಡು ಹಾರುವುದು. ಅಂಥ ಜಾಗವನ್ನು ಕೊಕ್ಕೆ ಪ್ರತಿ ಸಲ ಕೆರೆಯುತ್ತಿದೆ ಅಂದರೆ ಸುಮ್ನೆ ಬಿಡುವ ವಿಷಯವಲ್ಲ. ಜೊತೆಗೆ ಚೇಂಬರಿನಲ್ಲಿ ಗುಂಡು ಎಷ್ಟು ಒಳಗೆ ಕೂರಬೇಕು ಎನ್ನುವುದನ್ನು ನಿರ್ಧರಿಸುವುದೂ ಅದೇ ರಿಮ್. ಅಂಚಿನಲ್ಲಿ ಎಳೆ ಎದ್ದಿದ್ದರೆ ಗುಂಡು ಪೂರ್ತಿ ಕೂರುವುದಿಲ್ಲ, ಬೋಲ್ಟ್ ಬಿಗಿಯಾಗುತ್ತದೆ.

ಮೊದಲು ಹೋದ ಅಂಗಡಿಯ ಅನುಭವ ಚೆನ್ನಾಗಿರಲಿಲ್ಲ. ಏನಾಗಿದೆ ಎಂದು ಸರಿಯಾಗಿ ನೋಡಲೇ ಇಲ್ಲ. ಕೊಕ್ಕೆ ಚೂಪಾಗಿದೆ ಎಂದು ಅರ ಹಾಕಿ ಉಜ್ಜಿಬಿಟ್ಟರು, ಅದೂ ಒಳಮುಖವನ್ನು. ಗಾಯ ಕಡಿಮೆಯಾಯಿತು, ನಿಜ. ಆದರೆ ಆ ಒಳಮುಖವೇ ರಿಮ್ಮನ್ನು ಹಿಡಿಯುವ ಜಾಗ. ಅದು ಗುಂಡಗಾದ ಮೇಲೆ ಕೊಕ್ಕೆ ಜಾರತೊಡಗಿತು. ಹಾರಿಸಿದ ಕೇಸ್ ಚೇಂಬರಿನಲ್ಲೇ ಉಳಿಯುತ್ತಿತ್ತು, ನಳಿಗೆಯ ಮುಂದಿನಿಂದ ಕಡ್ಡಿ ತೂರಿಸಿ ತಳ್ಳಬೇಕಾಯಿತು. ಸ್ಪರ್ಧೆಗೆ ಮೂರು ವಾರ ಇತ್ತು. ಆ ವರ್ಷ ನಾನು ಹೋಗಲಿಲ್ಲ.

ಎರಡನೆಯ ಕಡೆ ಇದ್ದವರು ವಯಸ್ಸಾದವರು, ನಿಧಾನದ ಮನುಷ್ಯ. ಅರ ಮುಟ್ಟುವ ಮೊದಲು ಅರ್ಧ ಗಂಟೆ ನೋಡಿದರು. ನನಗೆ ತುಂಬ ಹಿಡಿಸಿದ್ದು ಈ ಭಾಗ. ಹಾರಿಸಿದ ಒಂದು ಖಾಲಿ ಕೇಸಿನ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಚುಕ್ಕೆ ಮೇಲೆ ಬರುವ ಹಾಗೆ ಚೇಂಬರಿಗೆ ಹಾಕಿ, ನಿಧಾನವಾಗಿ ಬೋಲ್ಟ್ ಮುಚ್ಚಿ ತೆಗೆದರು. "ಗಡಿಯಾರ ಅಂದುಕೊಂಡು ನೋಡಿ. ಚುಕ್ಕೆ ಹನ್ನೆರಡು. ಗಾಯ ಎಲ್ಲಿದೆ?" ಎಂದು ಕೇಳಿದರು. ಮೂರರ ಜಾಗದಲ್ಲಿತ್ತು. ನಮ್ಮ ಕೋವಿಯಲ್ಲಿ ಕೊಕ್ಕೆ ಕೂರುವುದೂ ಅಲ್ಲೇ. ಗಾಯ ಪಿನ್ ಬಡಿಯುವ ಜಾಗದಲ್ಲಿ ಇದ್ದಿದ್ದರೆ ಕಾರಣ ಬೇರೆ ಇರುತ್ತಿತ್ತಂತೆ. ಖಾಲಿ ಚೇಂಬರಿನಲ್ಲಿ ಕುದುರೆ ಎಳೆದೂ ಎಳೆದೂ ಪಿನ್ ಚೇಂಬರಿನ ಬಾಯಿಗೆ ಬಡಿದು ಅಲ್ಲಿ ಉಬ್ಬು ಎದ್ದರೆ, ಆ ಉಬ್ಬೂ ರಿಮ್ಮನ್ನು ಕೆರೆಯುತ್ತದೆ.

ಹಾರಿಸದೆ ತೆಗೆದ ಗುಂಡಿನಲ್ಲೂ ಗಾಯ ಇದೆಯಾ ಎಂದು ಕೇಳಿದರು. ಇದೆ ಎಂದೆ. ಹಾಗಿದ್ದರೆ ಕೊಕ್ಕೆ ರಿಮ್ಮನ್ನು ಹತ್ತುವಾಗಲೇ ಕೆರೆಯುತ್ತಿದೆ ಎಂದರ್ಥ. ಹಾರಿಸಿದ ಕೇಸಿನಲ್ಲಿ ಮಾತ್ರ ರಿಮ್ ಹರಿದಿದ್ದರೆ ಮೊದಲು ಚೇಂಬರ್ ನೋಡಬೇಕು. ಮಸಿ ಕಟ್ಟಿ ಕೇಸ್ ಅಂಟಿಕೊಂಡಿರುತ್ತದೆ, ಕೊಕ್ಕೆ ಎಳೆದ ರಭಸಕ್ಕೆ ಅಂಚು ಹರಿಯುತ್ತದೆ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಆಮೇಲೆ ಕೊಕ್ಕೆಗೆ ಕಪ್ಪು ಮಾರ್ಕರ್ ಬಳಿದು ಮತ್ತೆ ಬೋಲ್ಟ್ ಮುಚ್ಚಿದರು. ಬಣ್ಣ ಅಳಿಸಿದ್ದು ಮುಂದಿನ ಇಳಿಜಾರಿನಲ್ಲಲ್ಲ, ಮೂಲೆಯಲ್ಲಿ. ಕೊಕ್ಕೆಯ ಮುಂಭಾಗ ಇಳಿಜಾರಾಗಿದ್ದರೆ ಅದು ರಿಮ್ಮಿನ ಮೇಲೆ ಜಾರಿ ಹತ್ತಿ ಆಚೆ ಕೂರುತ್ತದೆ. ನಮ್ಮದರಲ್ಲಿ ಆ ಇಳಿಜಾರು ತೀರಾ ಕಡಿದಾಗಿತ್ತು, ಮೂಲೆಯಲ್ಲಿ ಒಂದು ಮುಳ್ಳೂ ಇತ್ತು. ಸ್ಪ್ರಿಂಗ್ ಹಿಂದೆ ಯಾರೋ ಬದಲಾಯಿಸಿದ್ದು, ಬೇಕಾದ್ದಕ್ಕಿಂತ ಗಟ್ಟಿ. ಇದರ ಮೇಲೆ, ಕೊಕ್ಕೆ ಅಗಲಲು ನಳಿಗೆಯ ಹಿಂಬದಿಯಲ್ಲಿ ಕೊರೆದ ತೋಡಿನಲ್ಲಿ ಮೇಣ ಮತ್ತು ಸೀಸ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಪಾಯಿಂಟ್ 22ರ ಸೀಸದ ಗುಂಡಿಗೆ ಹೊರಗೇ ಮೇಣದಂಥ ಜಿಡ್ಡು ಬಳಿದಿರುತ್ತದೆ, ಅದೇ ಸೇರಿಕೊಳ್ಳುವುದು. ಅಗಲಲು ಜಾಗವೇ ಇಲ್ಲದ ಕೊಕ್ಕೆ ಇನ್ನೇನು ಮಾಡುತ್ತದೆ, ಕೆರೆಯುತ್ತದೆ ಅಲ್ವಾ?

ಹಳೆಯ ಕೊಕ್ಕೆ ಮೊದಲ ಅಂಗಡಿಯಲ್ಲೇ ಹಾಳಾಗಿತ್ತು. ಹೊಸದು ಡೀಲರ್ ಮೂಲಕ ಬರಲು ಮೂರು ತಿಂಗಳು ಹಿಡಿಯಿತು. ಬಂದ ಮೇಲೆ ಅವರು ಮುಂದಿನ ಇಳಿಜಾರನ್ನು ಮಾತ್ರ ನಯವಾದ ಸಾಣೆಕಲ್ಲಿನಲ್ಲಿ ಹದ ಮಾಡಿ, 1000 ನಂಬರಿನ ಎಮರಿ ಕಾಗದದಲ್ಲಿ ಹೊಳಪು ಕೊಟ್ಟರು. ಒಳಮುಖವನ್ನು ಮುಟ್ಟಲೇ ಇಲ್ಲ. ಸ್ವಲ್ಪ ಮೆದು ಸ್ಪ್ರಿಂಗ್ ಹಾಕಿದರು. ತೋಡನ್ನು ಹಿತ್ತಾಳೆ ಬ್ರಷ್ ಮತ್ತು ಮರದ ಕಡ್ಡಿಯಲ್ಲಿ ಕೆದಕಿ ತೆಗೆದರು.

ಅಲ್ಲಿಂದ ಈಚೆಗೆ ಎರಡು ಹಬ್ಬ ಕಳೆದವು. ನಮಗೆ ಗುಂಡು ಸಿಗುವುದೇ ಮಿತಿಯಲ್ಲಿ, ಹಾಗಾಗಿ ಲೆಕ್ಕ ಇಡುವುದು ಅಭ್ಯಾಸ. ಇದುವರೆಗೆ 170 ಗುಂಡು ಹಾರಿಸಿದ್ದೇನೆ. ಒಂದು ಕೇಸೂ ಒಳಗೆ ಉಳಿದಿಲ್ಲ. ಹಾರಿಸದೆ ತೆಗೆದ ಗುಂಡಿನಲ್ಲಿ ಈಗ ಕಾಣುವುದು ಕೂದಲೆಳೆಯಷ್ಟು ಒಂದು ಗೆರೆ. ಕೊಕ್ಕೆ ರಿಮ್ಮಿನ ಮೇಲೆ ಹತ್ತಲೇಬೇಕಾದ ಕೋವಿಯಲ್ಲಿ ಅಷ್ಟು ಗುರುತು ಇದ್ದೇ ಇರುತ್ತದೆ. ಉಗುರು ಆಡಿಸಿದರೆ ಏನೂ ಸಿಗುವುದಿಲ್ಲ. ಎರಡು ಗುಂಡು ಹಾರದೆ ಉಳಿದವು. ಕೋವಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ತೆಗೆದೆ. ಎರಡರಲ್ಲೂ ಪಿನ್ ಗುರುತು ಚೆನ್ನಾಗೇ ಬಿದ್ದಿತ್ತು, ಕೊಕ್ಕೆಯ ಗಾಯ ಇರಲಿಲ್ಲ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಮೂರು ತಿಂಗಳು ಕಾದದ್ದಕ್ಕೆ, ಮತ್ತೆ ಸ್ಪ್ರಿಂಗ್ ಮೆದುವಾದ್ದರಿಂದ ಕೊಕ್ಕೆ ಕೊಳಕಾದರೆ ಬೇಗ ಹಿಡಿತ ಬಿಡುತ್ತದೆ ಎನ್ನುವುದಕ್ಕೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ಜಾಸ್ತಿ. ಪ್ರತಿ 40 ಗುಂಡಿಗೊಮ್ಮೆ ತೋಡನ್ನು ಕಡ್ಡಿಯಿಂದ ಕೆದಕಿ, ಕೊಕ್ಕೆಯ ಹಿಂದೆ ಒಂದು ಹನಿ ತೆಳು ಎಣ್ಣೆ ಬಿಟ್ಟು ಒರೆಸುತ್ತೇನೆ.

ಇನ್ನೊಂದು ಮಾತು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆದರೆ ರಿಪೇರಿ ಮಾಡುವ ಅಂಗಡಿಗೆ ಲೈಸೆನ್ಸ್ ಬೇಕೇ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೋವಿ ಕೊಡುವ ಮೊದಲು ಲೈಸೆನ್ಸ್ ತೋರಿಸಿ ಎಂದು ಕೇಳಿ. ಎರಡನೆಯ ಅಂಗಡಿಯವರು ನಾನು ಕೇಳುವ ಮೊದಲೇ ಗೋಡೆಯ ಕಡೆ ಕೈ ತೋರಿಸಿದ್ದರು.