ಜಿ41 ಬೋರ್ಡಿಗೆ 8 ಜಿಬಿ ರ‍್ಯಾಮ್: ಎರಡು ಖರೀದಿ, ಎರಡು ಅನುಭವ

ನಮ್ಮ ಮನೆಯ ಡೆಸ್ಕ್‌ಟಾಪ್ 2010ರದು. ಕೋರ್ 2 ಡ್ಯುಯೋ ಪ್ರೊಸೆಸರ್, ಇಂಟೆಲ್ ಜಿ41 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎರಡೇ ಎರಡು ಸ್ಲಾಟ್‌ಗಳಲ್ಲಿ ತಲಾ 1 ಜಿಬಿಯ ಡಿಡಿಆರ್3 ರ‍್ಯಾಮ್. ‘ನುಡಿ’ಯಲ್ಲಿ ಟೈಪ್ ಮಾಡಿ ರೂಢಿಯಾಗಿರುವ ನಮ್ಮ ತಂದೆಯವರಿಗೆ ಬೇರೆ ಕಂಪ್ಯೂಟರ್ ಒಗ್ಗುವುದಿಲ್ಲ, ಆದರೆ ಬ್ರೌಸರ್‌ನಲ್ಲಿ ಮೂರನೆಯ ಟ್ಯಾಬ್ ತೆರೆದರೆ ಸಾಕು, ಹಾರ್ಡ್ ಡಿಸ್ಕ್ ಗರಗರ ಎನ್ನತೊಡಗಿ ಮೌಸಿನ ಬಾಣವೂ ನಿಂತುಬಿಡುತ್ತಿತ್ತು. ಹೀಗಾಗಿ ಬೋರ್ಡಿನ ಗರಿಷ್ಠ ಮಿತಿಯಾದ 8 ಜಿಬಿಗೆ ನಾನೇ ಏರಿಸಲು ಹೊರಟೆ. 4 ಜಿಬಿಯ ಜೋಡಿಯನ್ನು ಎರಡು ಸಲ ಕೊಳ್ಳಬೇಕಾಯಿತು.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ‘ಎಲ್ಲ ಡಿಡಿಆರ್3 ಬೋರ್ಡುಗಳಿಗೂ ಹೊಂದುತ್ತದೆ’ ಎಂದು ಮಾರಾಟದ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಹೊಸ ಮಾಲು, ಚೊಕ್ಕ ಪ್ಯಾಕಿಂಗ್. ಸ್ಲಾಟಿನಲ್ಲಿಟ್ಟು ಒತ್ತಿದಾಗ ಎರಡೂ ತುದಿಯ ಕ್ಲಿಪ್ಪುಗಳು ಟಕ್ಕೆಂದು ಕೂತವು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತೇ ಹೊರತು ಪರದೆಯಲ್ಲಿ ಏನೂ ಮೂಡಲಿಲ್ಲ. ಉದ್ದನೆಯ ಬೀಪ್ ಸದ್ದು ಒಂದರ ಹಿಂದೊಂದು ಬರತೊಡಗಿತು. ಚಿನ್ನದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿದೆ, ಒಂದೊಂದನ್ನೇ ಎರಡೂ ಸ್ಲಾಟ್‌ಗಳಲ್ಲಿ ಹಾಕಿ ನೋಡಿದೆ, ಪ್ಲಗ್ ಕಿತ್ತು ಬೋರ್ಡಿನ ಬಿಲ್ಲೆ ಸೆಲ್ಲನ್ನು ಹತ್ತು ನಿಮಿಷ ತೆಗೆದಿಟ್ಟು ಬಯೋಸ್ ಅನ್ನು (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಮೊದಲ ಸ್ಥಿತಿಗೆ ತಂದೆ. ಯಾವುದಕ್ಕೂ ಜಗ್ಗಲಿಲ್ಲ. ಹಳೆಯ 1 ಜಿಬಿ ತುಂಡುಗಳನ್ನು ಮರಳಿ ಹಾಕಿದೊಡನೆ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಹೊಸ ರ‍್ಯಾಮ್ ಕೂಡ ಸರಾಗವಾಗಿ ಓಡಿತು. ಎರಡೂ ಸರಿ, ಜೋಡಿ ಮಾತ್ರ ಕೂಡಿಬರಲಿಲ್ಲ.

ಕಾರಣ ತಿಳಿದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಒಳ ಓಣಿಯೊಂದರ ಸೆಕೆಂಡ್ ಹ್ಯಾಂಡ್ ಬಿಡಿಭಾಗಗಳ ಅಂಗಡಿಯಲ್ಲಿ. ನಾನು ತೋರಿಸಿದ ತುಂಡನ್ನು ಅಂಗಡಿಯವರು ತಿರುಗಿಸಿ ನೋಡಿ, “ಬೋರ್ಡ್ ಯಾವ್ದು ಸಾರ್? ಜಿ41 ಆದ್ರೆ ಇದು ಏಳಲ್ಲ, ಎರಡೂ ಕಡೆ ಚಿಪ್ ಇರೋದೇ ಬೇಕು” ಎಂದರು. ಲೆಕ್ಕ ಸರಳವಾಗಿದೆ: ನಾನು ತರಿಸಿದ್ದರಲ್ಲಿ ಒಂದೇ ಬದಿಯಲ್ಲಿ 8 ಚಿಪ್ಪುಗಳಿದ್ದವು, ಅಂದರೆ ಒಂದೊಂದೂ 4 ಗಿಗಾಬಿಟ್‌ನದು (8 ಗಿಗಾಬಿಟ್ ಸೇರಿದರೆ 1 ಜಿಬಿ), ಜಿ41 ಅರಿಯಬಲ್ಲದ್ದು 2 ಗಿಗಾಬಿಟ್ ಚಿಪ್ಪಿನವರೆಗೆ ಮಾತ್ರವಾದ್ದರಿಂದ ಅದಕ್ಕೆ 4 ಜಿಬಿ ಒದಗಬೇಕಾದರೆ ಎರಡು ಬದಿ ಸೇರಿ 16 ಚಿಪ್ಪುಗಳಿರಬೇಕು. ಹಾಗೆಂದು ಎಣಿಕೆಯನ್ನಷ್ಟೇ ನಂಬುವಂತಿಲ್ಲ. ‘ಎಎಂಡಿಗೆ ಮಾತ್ರ’ (ಎಎಂಡಿ ಇಂಟೆಲ್‌ಗೆ ಎದುರಾಳಿಯಾದ ಪ್ರೊಸೆಸರ್ ಕಂಪನಿ) ಎಂದು ಅಗ್ಗವಾಗಿ ಸಿಗುವ ರ‍್ಯಾಮ್‌ನಲ್ಲೂ 16 ಚಿಪ್ಪುಗಳಿರುತ್ತವೆ, ಆದರೆ ಅವುಗಳ ಒಳಜೋಡಣೆಯೇ ಬೇರೆ. ಲೇಬಲ್ಲಿನಲ್ಲಿ ‘2ಆರ್×8’ (8 ಬಿಟ್ ಅಗಲದ ಚಿಪ್ಪುಗಳ ಎರಡು ತಂಡ) ಎಂದಿರುವುದನ್ನು ನೋಡಿಕೊಂಡೇ ಹಣ ಕೊಡಬೇಕು.

ಅಲ್ಲಿ ಕೊಂಡ ಬಳಸಿದ ಜೋಡಿಗೆ ತುಂಡೊಂದಕ್ಕೆ 600 ರೂಪಾಯಿ ಬಿತ್ತು. ಕೊಡುವ ಮುನ್ನ ಅಂಗಡಿಯವರು ತಮ್ಮಲ್ಲಿದ್ದ ಜಿ41 ಬೋರ್ಡಿಗೇ ಹಾಕಿ ಪರದೆ ಬರಿಸಿ ತೋರಿಸಿದ್ದು ನನಗೆ ತುಂಬ ಹಿಡಿಸಿತು. ಹಿಡಿಸದ ಸಂಗತಿಗಳೂ ಇವೆ. ವಾರಂಟಿ ಒಂದೇ ತಿಂಗಳು, ಅದೂ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದದ್ದು. ಸ್ಥಾಯಿ ವಿದ್ಯುತ್ತಿಗೆ ಅಂಜಬೇಕಾದ ವಸ್ತುವನ್ನು ಹಳೆಯ ಪೇಪರಿನಲ್ಲಿ, ಕಡಲೆಬೀಜ ಕಟ್ಟಿದಂತೆ ಕಟ್ಟಿಕೊಟ್ಟರು. ಎರಡು ತುಂಡುಗಳೂ ಬೇರೆ ಬೇರೆ ಕಂಪನಿಯವು. ಆದರೂ ಮನೆಯಲ್ಲಿ ಮೊದಲ ಸಲವೇ ಎದ್ದವು. 1333ರ ರ‍್ಯಾಮ್ 1066ರ ವೇಗದಲ್ಲಿ ಓಡುತ್ತಿದೆ, ಅದು ಬೋರ್ಡಿನ ಮಿತಿ. ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86+ ಅನ್ನು ಪೆನ್ ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದಾಗ ಒಂದು ದೋಷವೂ ಕಾಣಲಿಲ್ಲ.

ಬಯೋಸ್ 8 ಜಿಬಿ ತೋರಿಸಿದರೂ ವಿಂಡೋಸ್ 10 ಮಾತ್ರ ಬಳಸಬಹುದಾದದ್ದು 3.24 ಜಿಬಿ ಎಂದಿತು. ಇದು ರ‍್ಯಾಮಿನ ತಪ್ಪಲ್ಲ, ಅಂಗಡಿಯವರದೂ ಅಲ್ಲ: ನಮ್ಮದು 32-ಬಿಟ್ ಆವೃತ್ತಿ, ಅದರ ಮಿತಿ 4 ಜಿಬಿ, ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮೊದಲಾದ ಯಂತ್ರಾಂಶಗಳಿಗೆ ಮೀಸಲು. 64-ಬಿಟ್ಟಿಗೆ ಅದೇ ಲೈಸೆನ್ಸ್ ಸಾಕಾಯಿತು. ಆದರೆ ಇದ್ದದ್ದರ ಮೇಲೆ ಹಾಕಲು ಬಾರದ ಕಾರಣ ತಂದೆಯವರ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಂಡು ಹೊಸದಾಗಿ ಹಾಕಬೇಕಾಯಿತು, ಒಂದು ಭಾನುವಾರ ಅದಕ್ಕೇ ಹೋಯಿತು. ಈಗ ಹತ್ತು ಟ್ಯಾಬ್ ತೆರೆದರೂ ಹಾರ್ಡ್ ಡಿಸ್ಕ್ ಸದ್ದು ಮಾಡುವುದಿಲ್ಲ.

ಎಸ್.ಪಿ. ರಸ್ತೆಯ ಜೋಡಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಆ ಪೇಪರ್ ಪೊಟ್ಟಣಕ್ಕೆ. ಆನ್‌ಲೈನ್ ಮಾರಾಟಗಾರರು ತಕರಾರಿಲ್ಲದೆ ಹಣ ಹಿಂದಿರುಗಿಸಿದರೆಂಬುದನ್ನು ಹೇಳಲೇಬೇಕು. ಕಾರಣವನ್ನು ವಿವರವಾಗಿ ಬರೆದು ಕಳಿಸಿದ್ದೆ. ‘ಎಲ್ಲ ಡಿಡಿಆರ್3 ಬೋರ್ಡುಗಳಿಗೂ’ ಎಂಬ ಸಾಲು ಅವರ ಪುಟದಲ್ಲಿ ಇಂದಿಗೂ ಹಾಗೆಯೇ ಇದೆ.