ಎ ಶಾರ್ಟ್ ಹೈಕ್: ಮಗಳ ಜೊತೆ ವರ್ಷಗಟ್ಟಲೆ ಆಡಿದ ಮೇಲೆ

ಮಕ್ಕಳಿಗೆ ಮೊದಲ ಗೇಮ್ ಯಾವುದು ಕೊಡಿಸೋದು ಅಂತ ಕೇಳುವವರಿಗೆಲ್ಲ ನಾನು ಹೇಳುವ ಹೆಸರು ಒಂದೇ: ಎ ಶಾರ್ಟ್ ಹೈಕ್. ಇದೇನು ಹೊಸದಲ್ಲ. ಕಂಪ್ಯೂಟರಿಗೆ 2019ರ ಜುಲೈನಲ್ಲಿ ಬಂತು, ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಕನ್ಸೋಲ್‌ಗೆ 2020ರ ಆಗಸ್ಟ್‌ನಲ್ಲಿ. ನಮ್ಮ ಮನೆಯಲ್ಲಿ ಇರುವುದು ಅದರದೇ ಚಿಕ್ಕ ರೂಪ, ಕೈಯಲ್ಲೇ ಹಿಡಿದು ಆಡುವ ಸ್ವಿಚ್ ಲೈಟ್. ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಹಾಕಿಕೊಟ್ಟೆ, ಈಗ ಅವಳು ಐದನೇ ಕ್ಲಾಸು. ಈ ನಡುವೆ ದೊಡ್ಡ ದೊಡ್ಡ ಗೇಮ್‌ಗಳು ಎಷ್ಟೋ ಬಂದವು, ಜಾಗ ಸಾಲದೆ ಡಿಲೀಟ್ ಆದವು. ಇದನ್ನು ತೆಗೆಯೋಣವಾ ಅಂತ ಕೇಳಿದರೆ ಮಾತ್ರ ಅವಳು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ.

ಕಥೆ ಚಿಕ್ಕದು. ಕ್ಲೇರ್ ಅಂತ ಒಂದು ಹಕ್ಕಿ ಹುಡುಗಿ. ರಜೆಗೆ ಮೇ ಆಂಟಿ ಇರುವ ಹಾಕ್ ಪೀಕ್ ಪ್ರಾವಿನ್ಶಿಯಲ್ ಪಾರ್ಕಿಗೆ ಬಂದಿದ್ದಾಳೆ. ಆಂಟಿ ಅಲ್ಲಿ ರೇಂಜರ್. ಕ್ಲೇರ್‌ಗೆ ಒಂದು ಮುಖ್ಯವಾದ ಫೋನ್ ಬರಬೇಕು, ಆದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಬೇಕು ಅಂದರೆ ಗುಡ್ಡದ ತುದಿಗೇ ಹೋಗಬೇಕು. ಅಷ್ಟೇ. ರಾಜಕುಮಾರಿಯನ್ನು ಯಾರೂ ಎತ್ತಿಕೊಂಡು ಹೋಗಿಲ್ಲ, ಲೋಕ ಮುಳುಗುತ್ತಿಲ್ಲ. ನಮ್ಮ ಅಮ್ಮ ಪಕ್ಕದಲ್ಲಿ ಕೂತು ಇದನ್ನು ನೋಡಿದವರೇ, "ನಮ್ಮ ಕಡೆ ಹುಡುಗರೂ ಇದೇ ಮಾಡಿದ್ದಲ್ವಾ?" ಅಂದರು. ನಿಜ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನಲ್ಲಿ ಎಷ್ಟು ಮಕ್ಕಳು ಆನ್‌ಲೈನ್ ಕ್ಲಾಸಿಗೆ ಅಂತ ಕೊಡೆ ಹಿಡಿದು ಗುಡ್ಡ ಹತ್ತಿ ಕೂತಿದ್ದರು. ಎಲ್ಲೋ ಕೆನಡಾದಲ್ಲಿ ಕೂತು ಆಡಮ್ ರಾಬಿನ್ಸನ್-ಯು ಮಾಡಿದ ಗೇಮ್ ಇದು. ಅಲ್ಲಿನ ಪ್ರಾಂತ್ಯಗಳು ನೋಡಿಕೊಳ್ಳುವ ಕಾಡು, ಕ್ಯಾಂಪು, ಕಾಲುದಾರಿಗಳ ಪಾರ್ಕುಗಳೇ ಇದಕ್ಕೆ ಮಾದರಿ. ಆದರೂ ನಮ್ಮ ಅಮ್ಮನಿಗೆ ಕಥೆ ವಿವರಿಸಿ ಹೇಳಬೇಕಾಗಲಿಲ್ಲ.

ಈಗ ಆಟದ ವಿಷಯಕ್ಕೆ ಬರೋಣ. ಕ್ಲೇರ್ ನೆಗೆಯಬಲ್ಲಳು, ರೆಕ್ಕೆ ಬಿಚ್ಚಿ ತೇಲಬಲ್ಲಳು. ಬಂಡೆ ಹತ್ತಲು ಮತ್ತು ಗಾಳಿಯಲ್ಲಿ ಇನ್ನೊಮ್ಮೆ ರೆಕ್ಕೆ ಬಡಿಯಲು ಚಿನ್ನದ ಗರಿ ಬೇಕು. ಒಂದು ಗರಿ ಇದ್ದರೆ ಸ್ವಲ್ಪ ದೂರ ಹತ್ತಬಹುದು, ನಾಲ್ಕಿದ್ದರೆ ಇನ್ನೂ ಮೇಲೆ. ಕಾಲು ನೆಲಕ್ಕೆ ತಾಗಿದರೆ ಗರಿಗಳೆಲ್ಲ ಮತ್ತೆ ತುಂಬಿಕೊಳ್ಳುತ್ತವೆ. ಪಾರ್ಕ್ ಇರುವುದು ಒಂದು ದ್ವೀಪದಲ್ಲಿ, ಗರಿಗಳು ಅದರ ತುಂಬ ಅಲ್ಲಲ್ಲಿ ಇವೆ: ಕೆಲವು ಬಂಡೆ ಸಂದಿಯಲ್ಲಿ, ಕೆಲವನ್ನು ದುಡ್ಡು ಕೊಟ್ಟು ತಗೋಬೇಕು, ಕೆಲವು ಯಾರಿಗಾದರೂ ಸಹಾಯ ಮಾಡಿದರೆ ಸಿಗುತ್ತವೆ. ಏಳೆಂಟು ಇದ್ದರೆ ತುದಿಗೆ ಆರಾಮಾಗಿ ಹೋಗಬಹುದು.

ಇದನ್ನು ಮಗಳು ಕಲಿತ ರೀತಿ ಹೇಳಲೇಬೇಕು. ಅವಳ ಹತ್ತಿರ ಎರಡೇ ಗರಿ ಇದ್ದಾಗ ಒಂದು ಎತ್ತರದ ಬಂಡೆ ಎದುರಾಯಿತು. ನೇರ ಹತ್ತಿದಳು, ಅರ್ಧಕ್ಕೆ ಗರಿ ಖಾಲಿ, ಜಾರಿ ಕೆಳಗೆ ಬಂದಳು. ಮತ್ತೆ ಹತ್ತಿದಳು, ಮತ್ತೆ ಜಾರಿದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಸುಮ್ನೆ ನಿಂತು ಬಂಡೆಯನ್ನೇ ನೋಡುತ್ತಾ ಇದ್ದಳು. ಎಡಗಡೆ ಒಂದು ಅಂಗುಲದಷ್ಟು ಚಾಚಿಕೊಂಡ ಕಲ್ಲು ಕಾಣಿಸಿತು. ಅಲ್ಲಿಯವರೆಗೆ ಹತ್ತಿ, ಕಾಲೂರಿ, ಗರಿ ತುಂಬುವವರೆಗೆ ಕಾದು, ಅಲ್ಲಿಂದ ಬಲಕ್ಕೆ, ಮತ್ತೊಂದು ಕಲ್ಲು, ಮೇಲೆ! "ಅಪ್ಪಾ, ಸುಸ್ತಾದ್ರೆ ಕೂತ್ಕೋಬೇಕು ಅಷ್ಟೆ" ಅಂದಳು. ಬಿದ್ದರೆ ಜೀವ ಹೋಗುವುದಿಲ್ಲ, ಗೇಮ್ ಓವರ್ ಅನ್ನುವ ಅಕ್ಷರ ಬರುವುದಿಲ್ಲ, ಟೈಮರ್ ಓಡುವುದಿಲ್ಲ. ಜೀವದ ಲೆಕ್ಕವೇ ಇಲ್ಲ, ಹೊಡೆಯಬೇಕಾದ ಶತ್ರುವೂ ಇಲ್ಲ. ಹೀಗಿದ್ದೂ ಇದರಲ್ಲಿ ಕಷ್ಟ ಇದೆ. ಆ ಕಷ್ಟವನ್ನು ಮಗು ಭಯವಿಲ್ಲದೆ ಎದುರಿಸುತ್ತದೆ. ಮಕ್ಕಳ ಗೇಮ್ ಅಂತ ಮಾರುವ ಎಷ್ಟೋ ಗೇಮ್‌ಗಳು ಇದಕ್ಕೆ ತದ್ವಿರುದ್ಧ. ಕಷ್ಟವನ್ನೇ ತೆಗೆದುಹಾಕಿ, ಹೆಜ್ಜೆಗೊಂದು ನಕ್ಷತ್ರ, ಹೆಜ್ಜೆಗೊಂದು ಚಪ್ಪಾಳೆ ಕೊಟ್ಟು ಮಗುವನ್ನು ಕೂರಿಸುತ್ತವೆ.

ನನ್ನ ಮಟ್ಟಿಗೆ ಈ ಗೇಮಿನ ದೊಡ್ಡ ಗುಣ ಅಂದರೆ ಇದು ಮಗುವನ್ನು ಅವಸರ ಮಾಡುವುದಿಲ್ಲ. ತುದಿಗೆ ಹೋಗು ಅಂತ ಹೇಳುತ್ತದೆ ನಿಜ. ಆದರೆ ದಾರಿ ತಪ್ಪಿಸಿಕೊಂಡರೆ ಖುಷಿಪಡುತ್ತದೆ ಅನ್ನಿಸುವ ಹಾಗೆ ಇಡೀ ದ್ವೀಪವನ್ನು ಕಟ್ಟಿದ್ದಾರೆ. ಕಡಲ ದಂಡೆಗೆ ಹೋದರೆ ಕೋಲು ಹಿಡಿದು ಚೆಂಡನ್ನು ಕೆಳಗೆ ಬೀಳದ ಹಾಗೆ ಹೊಡೆಯುತ್ತಾ ಇರುವ ಆಟ ಇದೆ. ಕಪ್ಪೆಚಿಪ್ಪು ಬೇಕು ಅನ್ನುವ ಪುಟ್ಟ ಮಗು ಇದೆ. ತಲೆಪಟ್ಟಿ ಕಳೆದುಕೊಂಡು ಬೇಜಾರಿನಲ್ಲಿರುವ ಓಟಗಾರ ಮೊಲ ಇದೆ. ತನ್ನ ಚಿತ್ರ ಸರಿಯಾಗಿ ಬರುತ್ತಿಲ್ಲ ಅಂತ ಒದ್ದಾಡುತ್ತಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾಗ ಬದಲಿಸುವ ಪೇಂಟರ್ ಸಿಗುತ್ತಾರೆ. ಬಾಡಿದ ಗಿಡಕ್ಕೆ ನೀರು ಹಾಕಿದರೆ ಹೂ ಅರಳುತ್ತದೆ, ಅದರ ಮೇಲೆ ಹಾರಿದರೆ ಪುಟಿಯುತ್ತದೆ. ಪಿಕಾಸಿ ಸಿಕ್ಕಿದರೆ ಕಲ್ಲು ಮುಚ್ಚಿದ ಗುಹೆ ತೆರೆಯಬಹುದು. ಮೀನು ಹಿಡಿಯಬಹುದು. ದೋಣಿ ಓಡಿಸಬಹುದು. ಇದ್ಯಾವುದನ್ನೂ ಮಾಡಲೇಬೇಕು ಅಂತಿಲ್ಲ.

ಮಗಳು ಮೊದಲ ವರ್ಷ ತುದಿಯ ಕಡೆ ತಲೆಯನ್ನೇ ಹಾಕಲಿಲ್ಲ. ಅವಳಿಗೆ ಇದು ಕಪ್ಪೆಚಿಪ್ಪು ಹೆಕ್ಕುವ ಮತ್ತು ಹೂವಿನ ಮೇಲೆ ಹಾರುವ ಗೇಮ್. ಎರಡನೇ ಕ್ಲಾಸಿಗೆ ಬಂದ ಮೇಲೆ ಹತ್ತುವ ಹುಚ್ಚು ಹಿಡಿಯಿತು. ಮೇಲೆ ಮೇಲೆ ಹೋದ ಹಾಗೆ ಹಿಮ ಶುರುವಾಗುತ್ತದೆ, ಚಳಿಗೆ ಗರಿಗಳು ಹೆಪ್ಪುಗಟ್ಟುತ್ತವೆ. ಅಲ್ಲಿ ಲೆಕ್ಕ ಹಾಕಿ ಹತ್ತಬೇಕು. ಆಮೇಲೆ ಎಲ್ಲ ಬಗೆಯ ಮೀನು ಹಿಡಿದು ಪುಸ್ತಕ ತುಂಬಿಸುವ ಕಾಲ ಬಂತು. ಈಗ ರೇಸು. ದ್ವೀಪದಲ್ಲಿ ಇನ್ನೊಂದು ಹಕ್ಕಿ ಇದೆ, ಅದರ ಜೊತೆ ಪಂದ್ಯ ಕಟ್ಟಿ ಓಡುವುದು, ಹಾರುವುದು. ಇಷ್ಟು ಪುಟ್ಟ ದ್ವೀಪ ಐದಾರು ವಯಸ್ಸಿಗೆ ಬೇರೆ, ಹತ್ತಕ್ಕೆ ಬೇರೆ ಆಗಿ ಕಾಣುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನೇರ ತುದಿಗೆ ಹೋಗಿ ಮುಗಿಸುವವರಿಗೆ ಇದು ಒಂದೂವರೆ ಗಂಟೆಯ ಗೇಮ್. ಇಷ್ಟಕ್ಕೆ ದುಡ್ಡು ಕೊಡಬೇಕಾ ಅಂತ ಕೇಳುವವರು ಇದ್ದಾರೆ. ದೊಡ್ಡವರು ಒಬ್ಬರೇ ಕೂತು ಆಡುವುದಾದರೆ ಆ ಪ್ರಶ್ನೆ ಸರಿಯೇ. ಮಕ್ಕಳಿರುವ ಮನೆಯಲ್ಲಿ ಗಂಟೆಯ ಲೆಕ್ಕಕ್ಕೆ ಅರ್ಥವಿಲ್ಲ.

ಇದರಲ್ಲಿ ಓದುವುದು ಜಾಸ್ತಿ ಇದೆ, ಇದನ್ನು ಮೊದಲೇ ತಿಳಿದುಕೊಂಡಿರಿ. ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಮಾತೆಲ್ಲ ಗುಳ್ಳೆಯೊಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಕನ್ನಡ ಇಲ್ಲ. ಓದು ಬಾರದ ಮಗುವಿಗೆ ಒಬ್ಬರು ಪಕ್ಕದಲ್ಲಿ ಕೂರಲೇಬೇಕು. ಮೊದಮೊದಲು "ಅಪ್ಪಾ, ಇವನು ಏನಂತೆ?" ಅಂತ ಪ್ರತಿ ಗುಳ್ಳೆಗೂ ಕೇಳುತ್ತಿದ್ದಳು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಕಪ್ಪೆಗೆ ಒಂದು ದನಿ, ಮೊಲಕ್ಕೆ ಒಂದು ದನಿ. ಕೆಲಸದಿಂದ ಸುಸ್ತಾಗಿ ಬಂದ ದಿನ ಇದು ಕಷ್ಟ ಅನ್ನಿಸಿದ್ದುಂಟು. ಆದರೆ ಮಾತುಗಳು ಚಿಕ್ಕವು, ನಿಜವಾಗಿ ನಗು ಬರಿಸುತ್ತವೆ, ಎಲ್ಲೂ ಕೆಟ್ಟ ಮಾತಿನ ಭಯವಿಲ್ಲ. ಈಗ ಅವಳೇ ಓದಿ, ಅಣ್ಣನ ಮಗ ಬಂದಾಗ ಅವನಿಗೆ ದನಿ ಬದಲಿಸಿ ಹೇಳುತ್ತಾಳೆ. ಒಬ್ಬರೇ ಆಡುವ ಗೇಮ್ ಆದರೂ ನಮ್ಮ ಮನೆಯಲ್ಲಿ ಒಬ್ಬರೇ ಆಡಿದ್ದು ಕಡಿಮೆ. ಒಂದೇ ಸ್ಕ್ರೀನಿನಲ್ಲಿ ಇಬ್ಬರು ಆಡುವ ವ್ಯವಸ್ಥೆ ಇಲ್ಲ ಅನ್ನುವುದು ಮಾತ್ರ ಅಕ್ಕತಂಗಿ, ಅಣ್ಣತಮ್ಮ ಇರುವ ಕಡೆ ಜಗಳಕ್ಕೆ ದಾರಿ. ಕೈ ಬದಲಾಯಿಸಿಕೊಂಡು ಆಡಬೇಕು.

ಸಂಗೀತ ಮಾರ್ಕ್ ಸ್ಪಾರ್ಲಿಂಗ್ ಅವರದು. ನೀವು ಎಲ್ಲಿದ್ದೀರಿ, ಎಷ್ಟು ಎತ್ತರದಲ್ಲಿದ್ದೀರಿ ಅನ್ನುವುದರ ಮೇಲೆ ಹಾಡು ತಾನೇ ಬದಲಾಗುತ್ತಾ ಹೋಗುತ್ತದೆ, ಎಲ್ಲೂ ಕತ್ತರಿಸಿದ ಹಾಗೆ ಅನ್ನಿಸುವುದಿಲ್ಲ. ಅಡುಗೆಮನೆಯಲ್ಲಿದ್ದರೂ ಮಗಳು ಹಿಮಕ್ಕೆ ತಲುಪಿದ್ದಾಳೆ ಅಂತ ಕೇಳಿಯೇ ಗೊತ್ತಾಗುತ್ತದೆ. ಪಕ್ಕದ ರೂಮಿನಲ್ಲಿ ಮಕ್ಕಳ ಗೇಮ್ ನಡೆಯುತ್ತಿದ್ದರೆ ಸಾಮಾನ್ಯವಾಗಿ ಸೌಂಡ್ ಕಮ್ಮಿ ಮಾಡು ಅಂತ ಕೂಗುತ್ತೇವೆ. ಇದಕ್ಕೆ ಹಾಗೆ ಕೂಗಿದ ನೆನಪಿಲ್ಲ.

ಇನ್ನು ಕೊರತೆಗಳು. ಮ್ಯಾಪ್ ಇಲ್ಲ. ದ್ವೀಪ ಚಿಕ್ಕದೇ, ಬೋರ್ಡುಗಳೂ ಇವೆ, ಹುಡುಕಿದರೆ ದಿಕ್ಸೂಚಿ ಸಿಗುತ್ತದೆ. ಆದರೂ "ಆ ಮೊಲ ಎಲ್ಲಿತ್ತು?" ಅಂತ ಸುತ್ತಿ ಸುತ್ತಿ ಅಳು ಬಂದದ್ದಿದೆ. ನಾವು ಹಳೇ ನೋಟ್‌ಬುಕ್ಕಿನಲ್ಲಿ ಮ್ಯಾಪ್ ಬರೆದುಕೊಂಡೆವು. ಹಾಗೆ ಬರೆಯುವುದೇ ಒಂದು ಆಟವಾಯಿತು, ಅದು ಬೇರೆ ಮಾತು. ಆರು ವರ್ಷದ ಮಗು ಒಂದೇ ಕೂತು ಆಡುವಾಗ ಇದು ತೊಂದರೆ ಅನ್ನುವುದು ನಿಜ. ಎರಡನೆಯದು ಕ್ಯಾಮೆರಾ. ಅದನ್ನು ನಮಗೆ ಬೇಕಾದ ಕಡೆ ತಿರುಗಿಸಲು ಬರುವುದಿಲ್ಲ, ಜಾಗಕ್ಕೆ ತಕ್ಕ ಹಾಗೆ ಅದೇ ತಿರುಗುತ್ತದೆ. ಹಾರುತ್ತಾ ಹೋಗುವಾಗ ಫಕ್ಕನೆ ತಿರುಗಿದರೆ ಎಲ್ಲಿ ಇಳಿಯಬೇಕು ಅಂತ ಗೊತ್ತಾಗುವುದಿಲ್ಲ. ಮೂರನೆಯದು ಚಿತ್ರದ ಶೈಲಿ. ಹಳೇ ಕಾಲದ ಕೈಗೇಮ್‌ಗಳ ಹಾಗೆ ದಪ್ಪ ದಪ್ಪ ಚುಕ್ಕಿಗಳಲ್ಲಿ ತೋರಿಸುತ್ತದೆ. ನನಗೆ ಇಷ್ಟ, ನನ್ನ ಹೆಂಡತಿಗೆ ಕಣ್ಣು ನೋವು. ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಸೆಲ್ ಸಣ್ಣ ಮಾಡಿಕೊಳ್ಳಬಹುದು, ಶುರುವಿನಲ್ಲೇ ಮಾಡಿಕೊಂಡರೆ ಒಳ್ಳೆಯದು. ಮೀನು ಹಿಡಿಯುವುದು ಸ್ವಲ್ಪ ಹೊತ್ತಿಗೆ ಒಂದೇ ತರಹ ಅನ್ನಿಸುತ್ತದೆ.

ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ ಮಾತ್ರ. ಕೊನೆ ಏನು ಅಂತ ಗೊತ್ತಾಗುವುದು ಬೇಡ ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ತುದಿಯಲ್ಲಿ ಬರುವ ಫೋನ್ ಕ್ಲೇರ್‌ಳ ಅಮ್ಮನದು. ಅಮ್ಮನಿಗೆ ಆಪರೇಷನ್ ಆಗಿರುತ್ತದೆ, ಈಗ ಪರವಾಗಿಲ್ಲ ಅಂತ ಹೇಳಲು ಮಾಡಿರುತ್ತಾಳೆ. ಹೆದರಿಸುವ ಹಾಗೆ ಏನೂ ಇಲ್ಲ, ಬಹಳ ಮೆತ್ತಗೆ ಬರೆದಿದ್ದಾರೆ. ಆದರೆ ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಮಗು ಒಂದೇ ಇದನ್ನು ಓದುವುದು ಬೇಡ. ನಾವು ಓದಿದ ದಿನ ಮಗಳು ತುಂಬಾ ಪ್ರಶ್ನೆ ಕೇಳಿದಳು: ಕ್ಲೇರ್‌ಗೆ ಮೊದಲೇ ಗೊತ್ತಿತ್ತಾ, ಅದಕ್ಕೇ ಬೇಜಾರಲ್ಲಿದ್ದಳಾ, ನಿಂಗೂ ಆಪರೇಷನ್ ಆಗಿತ್ತಾ ಅಂತ. ಊಟಕ್ಕೆ ಕೂತಾಗಲೂ ಅದೇ ಮಾತು ನಡೆಯಿತು. ಆ ಮಾತುಕತೆ ಒಂದು ಗೇಮಿನಿಂದ ಹುಟ್ಟಿತು ಅನ್ನುವುದು ನನಗೆ ಈಗಲೂ ದೊಡ್ಡ ವಿಷಯ. ಫೋನ್ ಮುಗಿದ ಮೇಲೆ ಗುಡ್ಡದ ತುದಿಯಿಂದ ದ್ವೀಪದ ಮೇಲೆಲ್ಲ ತೇಲಿಕೊಂಡು ಇಳಿಯುವುದಿದೆಯಲ್ಲ, ಅಷ್ಟು ಹೊತ್ತು ಹತ್ತಿದ್ದಕ್ಕೂ ಸಾರ್ಥಕ ಅನ್ನಿಸುತ್ತದೆ.

ಕೈಯಲ್ಲಿ ಹಿಡಿದು ಆಡುವುದರ ಬಗ್ಗೆ ಎರಡು ಮಾತು. ಸ್ವಿಚ್ ಲೈಟ್ 275 ಗ್ರಾಂ ತೂಗುತ್ತದೆ, 5.5 ಇಂಚಿನ ಸ್ಕ್ರೀನ್. ಮಗುವಿನ ಕೈಗೆ ಹೊಂದುತ್ತದೆ, ಗೇಮಿನ ಅಕ್ಷರವೂ ಅಷ್ಟು ಸ್ಕ್ರೀನಿನಲ್ಲಿ ಓದಲು ಸಾಕಷ್ಟು ದೊಡ್ಡದು. ಟಿವಿಗೆ ಹಾಕಲು ಆಗುವುದಿಲ್ಲ, ಅದಕ್ಕೆ ಮಾಮೂಲಿ ಸ್ವಿಚ್ ಬೇಕು. ನಾಲ್ಕು ಜನ ಕೂತು ನೋಡುವ ಮನೆಯಾದರೆ ಆ ಬಗ್ಗೆ ಮೊದಲೇ ಯೋಚಿಸಿ. ಗೇಮ್ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಬೇಕಾಗಿಲ್ಲ, ಹಾಗಾಗಿ ಊರಿಗೆ ಹೋಗುವ ರೈಲಿನಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂದಿದೆ. ಆಟದ ನಡುವೆ ಜಾಹೀರಾತು ಇಲ್ಲ, ಇದನ್ನು ಕೊಂಡುಕೋ ಅದನ್ನು ಕೊಂಡುಕೋ ಅಂತ ಕೇಳುವ ಬಟನ್ ಇಲ್ಲ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಫೋನಿನ ಫ್ರೀ ಗೇಮ್‌ಗಳಲ್ಲಿ ಮಗು ಎಲ್ಲಿ ಏನು ಒತ್ತಿಬಿಡುತ್ತದೋ ಅಂತ ಕಾಯುವ ಅಪ್ಪ ಅಮ್ಮಂದಿರಿಗೆ ಇದೊಂದೇ ಸಾಕು ನೆಮ್ಮದಿಗೆ. ನಿಲ್ಲಿಸು ಅಂದಾಗ ನಿಲ್ಲಿಸಲೂ ಸುಲಭ. ಲೆವೆಲ್ ಮುಗಿಯಲಿ, ಈ ಬಾಸ್ (ಕೊನೆಯ ದೊಡ್ಡ ಶತ್ರು) ಒಂದು ಆಗಲಿ ಅನ್ನುವ ನೆಪ ಇಲ್ಲವೇ ಇಲ್ಲ.

ದೊಡ್ಡ ಕಂಪನಿಯ ಕೆಲಸ ಅಲ್ಲ ಅಂತ ಹಿಂದೇಟು ಹಾಕಬೇಡಿ. 2020ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಸಿಯೂಮಸ್ ಮೆಕ್‌ನ್ಯಾಲಿ ಗ್ರ್ಯಾಂಡ್ ಪ್ರೈಜ್, ಅಂದರೆ ಅಲ್ಲಿನ ಅತಿ ದೊಡ್ಡ ಬಹುಮಾನ, ಇದಕ್ಕೇ ಬಂತು.

ಬೆಲೆ ಅಮೆರಿಕದ ಲೆಕ್ಕದಲ್ಲಿ 7.99 ಡಾಲರ್. ಆಗಾಗ ಡಿಸ್ಕೌಂಟ್ ಬರುತ್ತದೆ. ಇದೊಂದಕ್ಕೆ ಅಂತ ಸ್ವಿಚ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡು, ಕೈಗೆ ಒಂದು ಕಂಟ್ರೋಲರ್ ಕೊಟ್ಟರೆ ಸಾಕು. ಪಂದ್ಯ, ಹೊಡೆದಾಟ, ದೊಡ್ಡ ಬಾಸ್ ಇದ್ದರೇ ಮಜಾ ಅನ್ನುವ ಹನ್ನೆರಡು ದಾಟಿದ ಹುಡುಗರಿಗೆ ಇದು ಹಿಡಿಸದೆ ಹೋಗಬಹುದು. ಅಣ್ಣನ ಮಗನೇ ಮೊದಲ ಸಲ ಬೇಗ ಬೇಗ ತುದಿಗೆ ಹೋಗಿ "ಇಷ್ಟೇನಾ?" ಅಂದವನು. ಐದರಿಂದ ಹತ್ತರ ಒಳಗಿನ ಮಕ್ಕಳಿಗೆ ಕಣ್ಣು ಮುಚ್ಚಿ ಕೊಡಿಸಿ. ಕೊಟ್ಟ ಮೇಲೆ ಮೊದಲ ಕೆಲವು ಸಲ ಪಕ್ಕದಲ್ಲಿ ಕೂರಿ, ದಾರಿ ಮಾತ್ರ ಹೇಳಿಕೊಡಬೇಡಿ.